ನಮ್ಮ ಮನೆ ಗೋಡೆಯ ಮೇಲಿನ ಹೈಸ್ಕೂಲು

ನಮ್ಮೂರ ಹೈಸ್ಕೂಲಿನಲ್ಲಿ ನಾನು ಒಂದು ದಿನವೂ ಪಾಠಕ್ಕೆ ಕೂತವನಲ್ಲ. ಆದರೂ ಅದು ಶುರುವಾದ ಕಾಲದ ಸುದ್ದಿಗಳು ನನಗೆ ನೆನಪಿರುವಷ್ಟು ಅಲ್ಲೇ ಓದಿದವರಿಗೂ ನೆನಪಿರಲಾರವು. ಯಾರು ಎಷ್ಟು ಉದ್ದ ಜಿಗಿದರು, ಯಾರು ಬಂಗಾರಪೇಟೆಗೆ ಭಾಷಣಕ್ಕೆ ಹೋಗಿ ಅರ್ಧಕ್ಕೇ ಮರೆತು ನಿಂತರು, ಯಾರ ಕೈಬರಹಕ್ಕೆ ಬಹುಮಾನ ಬಂತು, ಎಲ್ಲವೂ ಬಾಯಿಪಾಠ. ಆ ಸುದ್ದಿಯನ್ನು ಬರೆಯುತ್ತಿದ್ದದ್ದು ನಮ್ಮ ಮನೆಯ ಗೋಡೆಯ ಮೇಲೆ. ಒಂದೂವರೆ ವರ್ಷ ಅದನ್ನು ದಿನಾ ಬೆಳಿಗ್ಗೆ ಊರಿಗೆ ಗಟ್ಟಿಯಾಗಿ ಓದಿ ಹೇಳಿದವನು ನಾನು. ಆ ಕೆಲಸ ನನ್ನ ಕೈತಪ್ಪಿ ಹೋದದ್ದು ಹೇಗೆ ಎಂದು ನನ್ನ ಮಕ್ಕಳಿಗೂ ನಾನು ಪೂರ್ತಿ ಹೇಳಿಲ್ಲ.

ನಾನು ಏಳನೇ ತರಗತಿ ಪಾಸು ಮಾಡಿದಾಗ ಊರಲ್ಲಿ ಹೈಸ್ಕೂಲು ಇರಲಿಲ್ಲ. ಬಂಗಾರಪೇಟೆಗೆ ದಿನಾ ಹೋಗಿ ಬರುವ ಬದಲು ಗಾರೆ ಕೆಲಸದವರ ಹಿಂದೆ ಹೋದೆ. ಯಾರೂ ಬಿಡಿಸಲಿಲ್ಲ, ನಾನಾಗಿಯೇ ಬಿಟ್ಟೆ ಎಂದು ಆಗಲೂ ಹೇಳುತ್ತಿದ್ದೆ, ಈಗಲೂ ಹೇಳುತ್ತೇನೆ. ಮರುವರ್ಷವೇ ಊರಾಚೆಯ ಗುಂಡುತೋಪಿನ ಪಕ್ಕ ಹೈಸ್ಕೂಲಿಗೆ ಪಾಯ ತೆಗೆದರು. ಅದರ ಮೊದಲ ಎರಡು ಕೋಣೆಗೆ ಇಟ್ಟಿಗೆ ಹೊತ್ತವರಲ್ಲಿ ನಾನೂ ಒಬ್ಬ. ಗೋಡೆ ಎದೆಮಟ್ಟಕ್ಕೆ ಬಂದಾಗ ಹೊಸ ಹೆಡ್ ಮೇಷ್ಟ್ರು ನೋಡಲು ಬಂದರು. ಬಂಗಾರಪೇಟೆಯಿಂದ ಬಸ್ಸಿನಲ್ಲಿ ಓಡಾಡುತ್ತಿದ್ದ, ಸಣ್ಣಗೆ ಉದ್ದಕ್ಕಿದ್ದ ಮನುಷ್ಯ. ನನ್ನ ತಲೆಯ ಮೇಲಿನ ಇಟ್ಟಿಗೆಗಿಂತ ನನ್ನ ಮುಖವನ್ನೇ ನೋಡಿ ಕೇಳಿದರು:

"ಎಷ್ಟು ಓದಿದೀಯಯ್ಯ?"

"ಏಳು ಪಾಸು ಸಾರ್."

"ಹಾಗಾದ್ರೆ ನಿನ್ನ ಕ್ಲಾಸ್ ರೂಮು ನೀನೇ ಕಟ್ತಿದೀಯ. ಜೂನ್‌ನಲ್ಲಿ ಬಂದು ಸೇರ್ಕೋ."

"ಕೆಲ್ಸ ಐತೆ ಸಾರ್."

ಕೆಲಸ ಇದ್ದದ್ದು ಸುಳ್ಳಲ್ಲ. ಆದರೆ ನನಗಿಂತ ಚಿಕ್ಕ ಹುಡುಗರ ಪಕ್ಕ ಬೆಂಚಿನಲ್ಲಿ ಕೂರಬೇಕಲ್ಲ ಎಂಬ ನಾಚಿಕೆ ಅದಕ್ಕಿಂತ ದೊಡ್ಡದಾಗಿತ್ತು. ಆ ಕೋಣೆಗಳಿಗೆ ಹೆಂಚು ಹೊದಿಸಿ, ಬಾಗಿಲು ಹಾಕಿ, ಒಳಗೆ ಮಕ್ಕಳು ಕೂತ ಮೇಲೆ ನನಗೆ ಒಂದು ವಿಚಿತ್ರ ಕುತೂಹಲ ಹಿಡಿಯಿತು. ಯಾವ ಇಟ್ಟಿಗೆ ಎಲ್ಲಿದೆ ಎಂದು ಗೊತ್ತು, ಅದರೊಳಗೆ ಏನು ನಡೆಯುತ್ತದೆ ಎಂದು ಮಾತ್ರ ಗೊತ್ತಿಲ್ಲ.

ನಮ್ಮ ಮನೆ ರೈಲುಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಜಗಲಿ ಮತ್ತು ಒಂದು ಕೋಣೆ, ಆಮೇಲೆ ನಡುಮನೆ, ಅಡುಗೆಮನೆ, ಕೊನೆಯಲ್ಲಿ ಕೊಟ್ಟಿಗೆ. ಹಸುಗಳು ಹೊರಗೆ ಹೋಗಬೇಕಾದರೂ ನಡುಮನೆ ದಾಟಿಯೇ ಹೋಗಬೇಕು. ಊಟಕ್ಕೆ ಕೂತಾಗ ಹಸು ಬಂದರೆ ನಾವು ತಟ್ಟೆ ಎತ್ತಿಕೊಂಡು ಗೋಡೆಗೆ ಅಂಟಿ ದಾರಿ ಬಿಡುತ್ತಿದ್ದೆವು. ಮುಂದಿನ ಕೋಣೆಯಲ್ಲಿ ಊರಿನ ಹಾಲಿನ ಡೈರಿ ನಡೆಯುತ್ತಿತ್ತು. ನಂದಿದುರ್ಗದ ಚಿನ್ನದ ಗಣಿಯಲ್ಲಿ ಬೆಳಗಿನ ಪಾಳಿಗೆ ಸೈರನ್ ಕೂಗುತ್ತಿದ್ದುದು ಗಾಳಿ ಸರಿಯಿದ್ದರೆ ನಮ್ಮೂರಿಗೂ ಕೇಳುತ್ತಿತ್ತು. ಅದನ್ನು ಎಲ್ಲರೂ ಸಂಗು ಅನ್ನುತ್ತಿದ್ದರು. ಸಂಗು ಊದಿದ ಮೇಲೆ ಒಬ್ಬೊಬ್ಬರಾಗಿ ಚೊಂಬು, ಕ್ಯಾನು, ಹಿಡಿಕೆಯ ತೂಕುಪಾತ್ರೆ ಹಿಡಿದು ಬಂದು ಜಗಲಿಯ ಮುಂದೆ ಸಾಲು ನಿಲ್ಲುತ್ತಿದ್ದರು. ಡೈರಿಯ ಸೆಕ್ರೆಟರಿ ಹಾಲಿಗೆ ಕಡ್ಡಿ ಬಿಟ್ಟು ನೋಡಿ, ಅಳೆದು, ಬರೆದುಕೊಳ್ಳುವಷ್ಟರಲ್ಲಿ ಸಾಲಿನವರಿಗೆ ಮಾತಾಡಲು ಬೇಕಾದಷ್ಟು ಹೊತ್ತು ಸಿಗುತ್ತಿತ್ತು.

ಹೆಡ್ ಮೇಷ್ಟ್ರ ಬಸ್ಸು ನಿಲ್ಲುತ್ತಿದ್ದದ್ದೂ ನಮ್ಮ ಮನೆಯ ಮುಂದೆಯೇ. ಸಂಜೆ ಬಸ್ಸಿಗೆ ಕಾಯುವಾಗ ಅವರು ನಮ್ಮ ಬೀದಿಗೋಡೆಯನ್ನೇ ನೋಡುತ್ತಾ ನಿಂತಿರುತ್ತಿದ್ದರು. ಒಂದು ದಿನ ಅಪ್ಪನನ್ನು ಕೇಳಿಯೇಬಿಟ್ಟರು: ಶಾಲೆಯಲ್ಲಿ ಸುದ್ದಿ ಹಲಗೆ ಇದೆ, ಅದನ್ನು ಮಕ್ಕಳು ಮಾತ್ರ ನೋಡುತ್ತಾರೆ, ಅಪ್ಪ ಅಮ್ಮಂದಿರು ನೋಡುವುದು ಬೇಡವೇ? ಅಪ್ಪ ಹ್ಞೂಂ ಅಂದ. ಅಮ್ಮ ಇದ್ದಿಲನ್ನು ತೊಂಡೆ ಸೊಪ್ಪಿನ ಜೊತೆ ಅರೆದು ಗೋಡೆಗೆ ಮೂರು ಸಲ ಬಳಿದು ಕರಿಹಲಗೆ ಮಾಡಿದಳು. ಅಂದಿನಿಂದ ಸಂಜೆ ಬಸ್ಸು ಬರುವ ಮುಂಚೆ ಹೆಡ್ ಮೇಷ್ಟ್ರು ನಿಂತುಕೊಂಡು ನಾಲ್ಕೈದು ಸಾಲು ಬರೆಯುವುದು, ಬೆಳಿಗ್ಗೆ ಹಾಲಿನ ಸಾಲಿಗೆ ನಾನು ಓದುವುದು, ಓದಿ ಮುಗಿದ ಮೇಲೆ ಒದ್ದೆ ಗೋಣಿಯಲ್ಲಿ ಒರೆಸಿ ಕೆಲಸಕ್ಕೆ ಹೊರಡುವುದು. ಸಾಲಿನಲ್ಲಿ ಓದು ಬಂದವರು ಕಡಿಮೆ, ಇದ್ದವರಿಗೂ ನನ್ನ ದನಿ ಕೇಳುವುದೇ ಸುಲಭವಾಗಿತ್ತು.

ಬರಿಯ ಓದಿದರೆ ಮುಗಿಯುತ್ತಿರಲಿಲ್ಲ. ಒಂಬತ್ತನೇ ತರಗತಿಯ ಒಬ್ಬ ಹುಡುಗ ಹೋಬಳಿ ಆಟೋಟದಲ್ಲಿ ಹದಿನಾರು ಅಡಿ ಉದ್ದ ಜಿಗಿದ ಎಂದು ಓದಿದ ದಿನ ಸಾಲು ಮುಂದಕ್ಕೇ ಹೋಗಲಿಲ್ಲ. ಅಮ್ಮ ಅಕ್ಷರ ಕಲಿತವಳಲ್ಲ, ಆದರೆ ಕೇಳುವುದರಲ್ಲಿ ಅವಳನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಬಾಗಿಲಿಂದ ತಲೆ ಹಾಕಿ ಶುರು ಮಾಡಿದಳು:

"ಅದಿನಾರಡಿ ಅಂದ್ರೆ ಎಷ್ಟ್ಲಾ ಗೋಪಾಲ? ನಮ್ ನಡುಮನೆಯಷ್ಟಾ?"

"ನಡುಮನೆ, ಅಡ್ಗೆಮನೆ ಎರಡೂ ಸೇರಿದ್ರೆ ಆಯ್ತದೆ."

"ಸುಳ್ಳು. ಮನುಷ ಮಾತ್ರದವನು ಅಡ್ಗೆಮನೆವರ್ಗೂ ಆರ್ತಾನಾ?"

ನಂದಿದುರ್ಗದ ಗಣಿಯಲ್ಲಿ ಮೂವತ್ತು ವರ್ಷ ಇಳಿದು ನಿವೃತ್ತನಾಗಿದ್ದ ಚಿನ್ನಪ್ಪ ಎಂಬ ಮುದುಕ ಸಾಲಿನಲ್ಲಿದ್ದ. ಕನ್ನಡದ ನಡುವೆ ಗಣಿಯ ತಮಿಳು ಸೇರಿಸಿ ಮಾತಾಡುವವನು. ಅವನು ಚೊಂಬು ಕೆಳಗಿಟ್ಟು, "ಇರು ತಂಬಿ, ಅಳ್ದೇ ಬುಡಾನ" ಎಂದು ಹೆಜ್ಜೆಗೆ ಹೆಜ್ಜೆ ಜೋಡಿಸಿ ಜಗಲಿಯಿಂದ ಅಳೆಯುತ್ತಾ ಹೋದ. ಹದಿನಾರನೇ ಹೆಜ್ಜೆ ರಸ್ತೆಯ ನಡುವೆ ಬಿತ್ತು. ಎಲ್ಲರೂ ಜಗಲಿಯನ್ನೂ ಚಿನ್ನಪ್ಪನ ಕಾಲನ್ನೂ ಒಂದೆರಡು ಸಲ ನೋಡಿದರು. ಆ ಹುಡುಗನ ತಾಯಿ ಹಾಲು ಹಾಕಿ ಮನೆಗೆ ಹೋಗುವಾಗ ಆ ಜಾಗವನ್ನು ಬಳಸಿಕೊಂಡು ಹೋದಳು, ತುಳಿಯಲಿಲ್ಲ.

ನನಗೆ ಈ ಗೋಡೆ ಸಾಲುತ್ತಿರಲಿಲ್ಲ. ಹೈಸ್ಕೂಲಿನ ಎರಡನೇ ವರ್ಷ ತಂಗಿ ರತ್ನ ಎಂಟನೇ ತರಗತಿಗೆ ಸೇರಿದಳು. ಸಂಜೆ ಕೆಲಸ ಮುಗಿಸಿ ಬಂದು ಕೈಯ ಸಿಮೆಂಟು ತೊಳೆಯುವ ಮುಂಚೆಯೇ ಅವಳನ್ನು ಹಿಡಿದುಕೊಳ್ಳುತ್ತಿದ್ದೆ. ಪ್ರಯೋಗ ಮಾಡುವ ಗಾಜಿನ ನಳಿಗೆ ಒಡೆದರೆ ಬಯ್ಯುತ್ತಾರಾ? ಇಂಗ್ಲಿಷ್ ಮೇಷ್ಟ್ರು ಬಯ್ಯುವುದೂ ಇಂಗ್ಲಿಷಿನಲ್ಲೇ ಏನು? ಉತ್ತರದ ಕೋಣೆಯ ಕಿಟಕಿ ಪಕ್ಕ ಒಂದು ಇಟ್ಟಿಗೆ ಸೊಟ್ಟಗಿದೆ, ಅದು ಒಳಗಿನಿಂದಲೂ ಕಾಣುತ್ತಾ? ಅವಳು ಪುಸ್ತಕದ ಚೀಲ ಗೂಟಕ್ಕೆ ಸಿಕ್ಕಿಸಿ, "ಅಣ್ಣ, ನಂಗಿಂತ ನೀನೇ ಓಗ್ಬೋದಿತ್ತು" ಅನ್ನುತ್ತಿದ್ದಳು. ಅವಳಿಗೆ ಗಣಿತ ಬರುತ್ತಿರಲಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಶಾಲೆಗೆ ಹೋಗುವುದೆಂದರೆ ಮುಖ ತೊಳೆದ ಹಾಗಿರುತ್ತಿದ್ದಳು. ಅವಳ ಹೆಸರು ಒಂದು ಸಲವೂ ಗೋಡೆಗೆ ಬಂದಿರಲಿಲ್ಲ.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದಳು. ಸೊಂಟ ಹಿಡಿದುಕೊಂಡಿತು. ಕೂತರೆ ಏಳಲಾಗದು, ಎದ್ದರೆ ಬಗ್ಗಲಾಗದು. ಹಸುಗಳು ಮೂರು. ಒಂದು ಮಧ್ಯಾಹ್ನ ಮುದ್ದೆ, ಹುರುಳಿ ಬಸ್ಸಾರು ಮುಂದಿಟ್ಟುಕೊಂಡು ಕೂತಿದ್ದಾಗ ಅಪ್ಪ ತಟ್ಟೆಯಿಂದ ತಲೆ ಎತ್ತದೆ ರತ್ನಳ ಮಾತು ತೆಗೆದ:

"ಸಂಕ್ರಾಂತಿ ಆದ್ಮೇಲೆ ಅಮ್ಮಿ ಇಸ್ಕೂಲಿಗೆ ಓಗೋದು ಬೇಡ. ಮನೇಲಿರ್ಲಿ."

ಅಮ್ಮ ಗೋಡೆಗೆ ಒರಗಿ ಕೂತಿದ್ದಳು. "ನನ್ ಸೊಂಟಕ್ಕೂ ಅವ್ಳ ಇಸ್ಕೂಲಿಗೂ ಯಾಕ್ ಗಂಟಾಕ್ತೀಯ? ಓಗ್ಲಿ ಬುಡು" ಅಂದಳು.

"ಮತ್ತೆ ಸಗಣಿ ಯಾರ್ ಬಾಚ್ತಾರೆ, ನಿಮ್ಮಪ್ಪನಾ? ಓದಿ ಇವ್ಳೇನ್ ಆ ಗೋಡೆ ಮೇಲ್ ಎಸ್ರು ಬರ್ಸ್ಕೊಂಡವ್ಳಾ? ಎಲ್ಲಾರ್ ಮಕ್ಳುದೂ ಬಂತು. ನಮ್ ಗೋಡೆ ಮೇಲೆ ನಮ್ ಮಗ್ಳುದೇ ಇಲ್ಲ!"

ರತ್ನ ಮುದ್ದೆ ಮುರಿಯುತ್ತಿದ್ದವಳು ಹಾಗೇ ಕೂತಳು. ಅಪ್ಪನ ಮಾತಿನಲ್ಲಿ ಸಗಣಿಗಿಂತ ಗೋಡೆಯೇ ಜಾಸ್ತಿ ಚುಚ್ಚುತ್ತಿದೆ ಎಂದು ನನಗೆ ಅನ್ನಿಸಿತು. ದಿನಾ ಬೆಳಿಗ್ಗೆ ತನ್ನದೇ ಜಗಲಿಯಲ್ಲಿ ನಿಂತು ಊರವರ ಮಕ್ಕಳ ಹೆಸರು ಕೇಳುವವನು ಅವನು. ಮಗ ಓದುವವನು ಎಂಬ ಹೆಮ್ಮೆ ಇತ್ತು, ಆದರೆ ಹೆಸರು ಓದಿಸಿಕೊಳ್ಳುವವರು ಬೇರೆಯವರ ಮಕ್ಕಳು.

ಅದಾಗಿ ಸ್ವಲ್ಪ ದಿನಕ್ಕೆ ಅರ್ಧ ವರ್ಷದ ಪರೀಕ್ಷೆಯ ಸುದ್ದಿ ಗೋಡೆಗೆ ಬಂತು. ಎರಡನೇ ಸಾಲು ಇವತ್ತಿಗೂ ಕಣ್ಣ ಮುಂದಿದೆ: ಎಂಟನೇ ತರಗತಿಯ ಮಂಜುಳ ಗಣಿತದಲ್ಲಿ ನೂರಕ್ಕೆ ತೊಂಬತ್ತಾರು ಪಡೆದು ಶಾಲೆಗೇ ಮೊದಲಿಗಳಾಗಿದ್ದಾಳೆ. ಮಂಜುಳ ವೆಂಕಟಮ್ಮನ ಮಗಳು. ವೆಂಕಟಮ್ಮನಿಗೆ ಗಂಡ ಇರಲಿಲ್ಲ. ಕೂಲಿ ಮಾಡುತ್ತಿದ್ದಳು, ಯಾರದೋ ಒಂದು ಹಸುವನ್ನು ಪಾಲಿಗೆ ಸಾಕಿಕೊಂಡು ಒಂದು ಚೊಂಬು ಹಾಲು ಡೈರಿಗೆ ತರುತ್ತಿದ್ದಳು. ಆವತ್ತು ಸಾಲಿನಲ್ಲಿ ನಾಲ್ಕನೆಯವಳಾಗಿ ನಿಂತಿದ್ದಳು. ಅಪ್ಪ ಜಗಲಿಯ ಕಂಬಕ್ಕೆ ಒರಗಿದ್ದ. ನಾನು ಮೊದಲನೇ ಸಾಲು ಓದಿದೆ. ಎರಡನೆಯದಕ್ಕೆ ಬಂದೆ. ಬಾಯಿಗೆ ರತ್ನ ಎಂದು ಬಂತು.

ಮುಂಚೆಯೇ ಅಂದುಕೊಂಡಿದ್ದೆ ಎಂದರೆ ಅದು ನಿಜವಲ್ಲ, ತಿಳಿಯದೆ ಆಯಿತು ಎಂದರೂ ನಿಜವಲ್ಲ. ಓದಿ, ಉಳಿದ ಸಾಲುಗಳನ್ನೂ ಓಡಿಸಿ, ಯಾವತ್ತಿಗಿಂತ ಬೇಗ ಗೋಣಿ ಎತ್ತಿಕೊಂಡು ಗೋಡೆ ಒರೆಸಿದೆ. ಹಿಂದೆ ಗದ್ದಲವೆದ್ದಿತು. ಚಿನ್ನಪ್ಪ ಅಪ್ಪನ ಹೆಗಲಿಗೆ ಬಡಿದ:

"ಅಡಡಾ! ತೊಂಬತ್ತಾರಾ? ಉಳ್ದ ನಾಕು ಯಾರ್ ತಿಂದ್ರು ಮುನಿಯಪ್ಪ, ನೀನಾ?"

ಅಪ್ಪ ನಕ್ಕ. ಅಪ್ಪ ಹಾಗೆ ಹಲ್ಲು ಕಾಣುವಂತೆ ನಕ್ಕದ್ದನ್ನು ನಾನು ಅಪರೂಪಕ್ಕೆ ನೋಡಿದ್ದು. "ನಮ್ ತಾಯಿಗೂ ಲೆಕ್ಕ ಅಂದ್ರೆ ನಾಲ್ಗೆ ತುದೀಲಿತ್ತು" ಎಂದು ಇಲ್ಲದ್ದನ್ನೂ ಸೇರಿಸಿದ. ವೆಂಕಟಮ್ಮ ಚೊಂಬನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡಳು. ಸರದಿ ಬಂದಾಗ ಹಾಲು ಹಾಕಿದಳು, ಹೋದಳು.

ಮಧ್ಯಾಹ್ನ ನಾನು ಊಟಕ್ಕೆ ಬಂದಾಗ ಅಪ್ಪ ಇನ್ನೂ ಅದೇ ಲಹರಿಯಲ್ಲಿದ್ದ. ತಾನೇ ಸಗಣಿ ಬುಟ್ಟಿ ಹೊತ್ತು ತಿಪ್ಪೆಗೆ ಹಾಕಿ ಬಂದ. ಸಂಕ್ರಾಂತಿಯ ಮಾತು ತೆಗೆಯಲೇ ಇಲ್ಲ. ನನ್ನ ಸುಳ್ಳು ಕೆಲಸ ಮಾಡಿದೆ ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ಹಿತ್ತಿಲ ಬೇಲಿಯ ಹತ್ತಿರ ರತ್ನ ನನ್ನನ್ನು ಹಿಡಿದಳು. ಶಾಲೆಯಿಂದ ಊಟಕ್ಕೆ ಬರುವಾಗ ಬೀದಿಯಲ್ಲಿ ಯಾರೋ ಅವಳನ್ನು ಹೊಗಳಿದ್ದರು. ಹಿಂದಿನ ಸಂಜೆ ಹೆಡ್ ಮೇಷ್ಟ್ರು ಬರೆಯುವಾಗ ಸೀಮೆಸುಣ್ಣದ ಡಬ್ಬಿ ಹಿಡಿದು ಪಕ್ಕದಲ್ಲಿ ನಿಂತಿದ್ದವಳು ಅವಳೇ.

"ಅಣ್ಣ, ನಂಗೆ ಬಂದಿರೋದು ಮೂವತ್ತೊಂಬತ್ತು."

"ಗೊತ್ತು. ಸುಮ್ನಿರು. ನಿನ್ ಇಸ್ಕೂಲು ಉಳೀತು."

"ಮಂಜುಳದು ಒರ್ಸಿ ನಂದು ಉಳಿಸ್ದಾ? ಇನ್ಮೇಲೆ ನಾನ್ ಅವ್ಳ ಪಕ್ಕ ಎಂಗ್ ಕೂತ್ಕಣ್ಲಿ? ಒಂದೇ ಬೆಂಚು ಕಣಣ್ಣ ನಮ್ದು."

"ನಿಂಗೋಸ್ಕರ ತಾನೇ ಅಂದಿದ್ದು?"

"ನನ್ ಎಸ್ರು ಬರ್ದೆ ಇದ್ರೂ ಓಗ್ಲಿ. ಬಂದಿರೋರ್ದು ನೀನ್ ತಿನ್ಬೇಡ."

ಅವಳು ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅಳಲಿಲ್ಲ. ನಾಳೆ ಬೆಳಿಗ್ಗೆ ನೀನು ಹೇಳದಿದ್ದರೆ ನಾನೇ ಸಾಲಿನ ಮುಂದೆ ನಿಂತು ಹೇಳುತ್ತೇನೆ ಎಂದಳು. ಅಪ್ಪ ಆಮೇಲೆ ಶಾಲೆ ಬಿಡಿಸುತ್ತಾನೆ ಎಂದೆ. "ಬಿಡಿಸ್ಲಿ" ಅಂದಳು. ಹದಿಮೂರು ವರ್ಷದ ಹುಡುಗಿ ಅಷ್ಟು ಸಲೀಸಾಗಿ ಹಾಗೆ ಹೇಗೆ ಹೇಳಿದಳು ಎಂದು ನಾನು ಈಗಲೂ ಯೋಚಿಸುತ್ತೇನೆ. ಅವಳಿಗೆ ಆ ಶಾಲೆ ಎಷ್ಟು ಬೇಕಿತ್ತು ಎಂದು ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಮರುದಿನ ಸಂಗು ಊದಿತು. ಸಾಲು ನಿಂತಿತು. ಗೋಡೆಯ ಮೇಲೆ ಹೊಸ ಸುದ್ದಿ ಇತ್ತು. ಒಂಬತ್ತನೇ ತರಗತಿಯವರು ದಾರದ ರೀಲಿನ ರಾಟೆ, ಆಳುಗಳನ್ನು ಇಳಿಸುವ ಕೇಜಿಗೆ ಬೆಂಕಿಪೊಟ್ಟಣ ಕಟ್ಟಿ ಗಣಿಯ ಮಾದರಿ ಮಾಡಿ ತಾಲ್ಲೂಕಿನ ವಸ್ತುಪ್ರದರ್ಶನಕ್ಕೆ ಕಳಿಸಿದ್ದರು. ಬೇರೆ ದಿನವಾಗಿದ್ದರೆ ಚಿನ್ನಪ್ಪನೊಬ್ಬನೇ ಅದರ ಮೇಲೆ ಒಂದು ಗಂಟೆ ಮಾತಾಡುತ್ತಿದ್ದ. ನಾನು ಅದನ್ನು ಓದಲಿಲ್ಲ. ರತ್ನ ಬಾಗಿಲ ಹತ್ತಿರ ಅಮ್ಮನ ತೋಳು ಹಿಡಿದು ನಿಂತಿದ್ದಳು. ವೆಂಕಟಮ್ಮ ಆವತ್ತು ಎಲ್ಲರಿಗಿಂತ ಹಿಂದೆ ನಿಂತಿದ್ದಳು. ನಾನು ಗೋಡೆಗೆ ಬೆನ್ನು ಹಾಕಿ ಸಾಲಿನ ಕಡೆ ತಿರುಗಿದೆ.

"ನೆನ್ನೆ ಗೋಡೆ ಮೇಲೆ ಇದ್ದಿದ್ದು ನಾನು ಓದಿದ್ದಲ್ಲ. ಗಣಿತದಲ್ಲಿ ಮೊದಲು ಬಂದಿರೋಳು ಮಂಜುಳ. ವೆಂಕಟಮ್ಮಕ್ಕನ ಮಗಳು. ತೊಂಬತ್ತಾರು ಅವ್ಳುದು. ರತ್ನುಂದು ಅಂತ ಸುಳ್ಳು ಓದ್ದೆ. ನಿಜ ಏಳ್ಬೇಕು ಅಂತ ಅಂದೋಳೂ ಅವ್ಳೇ."

ಒಳಗೆ ಸೆಕ್ರೆಟರಿ ಅಳೆಯುತ್ತಿದ್ದವನು ಅಳತೆ ಪಾತ್ರೆ ಎತ್ತಿ ಹಿಡಿದೇ ನಿಂತ. ನಾನು ಅಪ್ಪನ ಕಡೆ ನೋಡಲಿಲ್ಲ, ವೆಂಕಟಮ್ಮನ ಕಡೆ ನೋಡಿದೆ. ಬಯ್ಯುತ್ತಾಳೆ ಅಂದುಕೊಂಡೆ, ಬಯ್ಯಲಿ ಎಂದೂ ಇತ್ತು. ಅವಳು ಸೆರಗು ಸರಿ ಮಾಡಿಕೊಂಡಳು.

"ನಂಗೆ ಮೊನ್ನೇನೇ ಗೊತ್ತು ಕಣಪ್ಪ. ಮಗ ಬಂದು ಏಳಿದ್ಲು. ಕೇಳಾನ ಅಂತ್ಲೇ ನೆನ್ನೆ ಬೇಗ್ ಬಂದು ಮುಂದೆ ನಿಂತ್ಕಂಡಿದ್ದೆ."

"ಮತ್ತೆ ನೆನ್ನೆ ಯಾಕಕ್ಕ ಕೇಳ್ಲಿಲ್ಲ?" ಅಂದೆ.

"ಓದು ಬಂದೋನು ನೀನು. ನಾನ್ ಏನಂತ ಕೇಳ್ಲಿ? ಮಗಾನೇ ಏನಾರ ತಪ್ಪಾಗ್ ಓದ್ಕಂಡ್ಲೇನೋ ಅಂತ ಮನೆಗೋಗಿ ಅವ್ಳಿಗೇ ಎಲ್ಡು ಬಯ್ದೆ."

ಈ ಮಾತನ್ನು ಅವಳು ಸಿಟ್ಟಿಲ್ಲದೆ, ಯಾರದೋ ಮನೆಯ ಸಮಾಚಾರ ಹೇಳುವಂತೆ ಹೇಳಿದಳು. ಆಮೇಲೆ, "ಇನ್ನೊಂದ್ ಸಲ ಓದಪ್ಪ, ಇಂದೆ ಇದ್ದೆ, ಸರ್ಯಾಗ್ ಕೇಳ್ಲಿಲ್ಲ" ಅಂದಳು. ಓದಲು ಗೋಡೆಯ ಮೇಲೆ ಆ ಸಾಲು ಇರಲಿಲ್ಲ. ನೆನಪಿನಿಂದ, ಹೆಡ್ ಮೇಷ್ಟ್ರು ಬರೆದಿದ್ದ ಹಾಗೆಯೇ ಒಂದಕ್ಷರ ಬಿಡದೆ ಹೇಳಿದೆ. ಆಗ ಸಾಲಿನವರು ಅವಳ ಕಡೆ ತಿರುಗಿ ಏನೇನೋ ಕೇಳತೊಡಗಿದರು. ಮಗು ಎಷ್ಟು ಹೊತ್ತು ಓದುತ್ತಾಳೆ, ಯಾರು ಹೇಳಿಕೊಡುತ್ತಾರೆ, ಏನು ತಿನ್ನಿಸುತ್ತೀಯ. ಚಿನ್ನಪ್ಪ ಅವಳನ್ನು ಕರೆದು ತನ್ನ ಮುಂದೆ ನಿಲ್ಲಿಸಿಕೊಂಡ. ಅಪ್ಪ ಯಾವಾಗಲೋ ಒಳಗೆ ಹೋಗಿದ್ದ.

ಆ ಮಧ್ಯಾಹ್ನ ನಾನು ಕೆಲಸಕ್ಕೆ ಹೋಗಲಿಲ್ಲ. ನಡುಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತೆವು. ಅಪ್ಪ ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಮುಗಿದುಹೋಗುತ್ತಿತ್ತು. ಅವನು ಮುದ್ದೆ ಮುರಿದು ಉಣ್ಣುತ್ತಾ ಹೋದ. ಕೊಟ್ಟಿಗೆಯಿಂದ ಒಂದು ಹಸು ಬಂತು. ಎಲ್ಲರೂ ತಟ್ಟೆ ಎತ್ತಿಕೊಂಡು ಗೋಡೆಗೆ ಸರಿದೆವು, ಅದು ದಾಟಿ ಹೋಯಿತು, ಮತ್ತೆ ಕೂತೆವು. ಆಗ ಅಪ್ಪ ನನಗೆ ಹೇಳಿದ:

"ಊರೆಲ್ಲ ನನ್ನ ಬೆನ್ ತಟ್ಟೋವಂಗ್ ಮಾಡ್ದೆ. ನಾಳೆಯಿಂದ ಅವ್ರ್ ಮುಖ ಎಂಗ್ಲಾ ನೋಡ್ಲಿ?"

"ತಪ್ಪಾಯ್ತಪ್ಪ."

"ನೀನ್ ಇನ್ಮೇಲೆ ಗೋಡೆ ಓದ್ಬೇಡ."

ನಾನು ಹ್ಞೂಂ ಅಂದೆ. ಅದು ಬರುತ್ತದೆ ಎಂದು ಗೊತ್ತಿತ್ತು. ಅಮ್ಮ ಸುಮ್ಮನಿರಲಾರದೆ, "ಮತ್ಯಾರ್ ಓದ್ತಾರೆ? ಮೇಷ್ಟ್ರು ಬರೆಯೋದ್ ಬರೀತಾರೆ" ಅಂದಳು. ಅಪ್ಪ ರತ್ನಳನ್ನು ನೋಡಿದ. ಅವಳು ತಟ್ಟೆ ನೋಡುತ್ತಿದ್ದಳು.

"ಅಮ್ಮಿ ಓದ್ಲಿ. ಅವ್ಳ್ ಬಾಯಲ್ಲಿ ಸುಳ್ ಬರಲ್ಲ ಅಂತ ಊರಿಗ್ ಗೊತ್ತಾಯ್ತಲ್ಲ."

"ಸಂಕ್ರಾಂತಿ ಆದ್ಮೇಲೂನಾ?" ಅಮ್ಮ ಕೇಳಿದಳು. ಕೇಳುವುದರಲ್ಲಿ ಅವಳಿಗೆ ಸಮ ಯಾರು?

"ಇಸ್ಕೂಲ್ ಬಿಟ್ಟೋಳು ಇಸ್ಕೂಲಿನ ಸುದ್ದಿ ಎಂಗೆ ಓದ್ತಾಳೆ? ಓಗ್ಲಿ. ಸಗಣಿ ಬಾಚೋಕೆ ಇವ್ನವ್ನೆ." ನನ್ನ ಕಡೆ ಗದ್ದ ಎತ್ತಿ ತೋರಿಸಿದ. "ಬೆಳಿಗ್ಗೆ ಇವ್ನು, ಸಂಜೆ ನಾನು."

ಶಾಲೆ ಬಿಟ್ಟವನೇ ಅಷ್ಟು ದಿನ ಆ ಸುದ್ದಿ ಓದಿದ್ದು ಎಂಬುದು ಅಪ್ಪನಿಗೆ ಹೊಳೆಯಲಿಲ್ಲವೋ, ಹೊಳೆದೂ ಬಿಟ್ಟನೋ ಗೊತ್ತಿಲ್ಲ. ಅವನು ಯಾಕೆ ಮನಸ್ಸು ಬದಲಾಯಿಸಿದ ಎಂದು ಅವನನ್ನು ನಾನು ಯಾವತ್ತೂ ಕೇಳಲಿಲ್ಲ. ಕೂಲಿ ಮಾಡುವ ವೆಂಕಟಮ್ಮ ಮಗಳನ್ನು ಓದಿಸುತ್ತಿರುವುದು ಕಣ್ಣಿಗೆ ಬಿತ್ತೋ, ಒಂದು ದಿನದ ಮಟ್ಟಿಗಾದರೂ ಮಗಳ ಹೆಸರು ಬೀದಿಯಲ್ಲಿ ಕೇಳಿದ ರುಚಿಯೋ. ಅಮ್ಮ ಅದನ್ನೂ ಕೇಳಿ ತಿಳಿದುಕೊಂಡಿದ್ದಿರಬಹುದು, ಈಗ ಅವಳೂ ಇಲ್ಲ.

ಮರುದಿನ ನಾನು ಕೊಟ್ಟಿಗೆ ಬಾಚಿ, ಕೈತೊಳೆದು, ನಮ್ಮ ಹಾಲಿನ ಕ್ಯಾನು ತಂದು ಅಪ್ಪನ ಕಾಲ ಬಳಿ ಇಟ್ಟು, ಮೊದಲ ಸಲ ಸಾಲಿನಲ್ಲಿ ನಿಂತೆ. ಅಪ್ಪ ನನ್ನ ಮುಂದೆ ನಿಂತಿದ್ದ, ಜಗಲಿಯ ಕಂಬಕ್ಕೆ ಒರಗಿಕೊಂಡಲ್ಲ. ರತ್ನ ಗೋಡೆಯ ಪಕ್ಕ ನಿಂತು ಓದಿದಳು. ನನ್ನಷ್ಟು ಗಟ್ಟಿ ದನಿ ಅಲ್ಲ. ಹಿಂದಿನವರು "ಜೋರಾಗ್ ಓದಮ್ಮಿ" ಎಂದು ಎರಡು ಸಲ ಕೂಗಬೇಕಾಯಿತು. ಬೇರೆಯವರ ಬಾಯಿಂದ ಆ ಶಾಲೆಯ ಸುದ್ದಿ ಕೇಳುವುದು ಹೊಸದಾಗಿತ್ತು. ಮುಂದಿನ ಸಾಲು ಏನಿರಬಹುದು ಎಂದು ನಾನೂ ಎಲ್ಲರ ಹಾಗೆ ಕತ್ತು ಚಾಚಿದೆ. ಕೊನೆಯ ಸಾಲು ಮುಗಿಸಿ ಅವಳು ಗೋಣಿ ಕೈಗೆತ್ತಿಕೊಂಡಾಗ ಅಪ್ಪ ಕೇಳಿದ:

"ನಿನ್ ಎಸ್ರು ಇಲ್ವೇನಮ್ಮಿ?"

ರತ್ನ ತಿರುಗಿ, ಅಷ್ಟು ಹೊತ್ತು ಓದಿದ್ದಕ್ಕಿಂತ ಜೋರಾಗಿ, "ಇಲ್ಲಪ್ಪ" ಅಂದಳು.

"ಆಯ್ತು, ನಾಳೆ ನೋಡಾನ" ಎಂದು ಅಪ್ಪ ಕ್ಯಾನನ್ನು ಕಾಲಿನಿಂದ ಒಂದು ಗೇಣು ಮುಂದಕ್ಕೆ ಸರಿಸಿದ.